ಎತ್ತಿದ ಕೋಲು

ಪ್ರಾದಾಲ್ಬ
ಮಾರ್ಚ್ ೧೯, ಗುರುವಾರ

ಪ್ರೀತಿಯ ದುರಿ,

ನನ್ನ ಅಕ್ಷರ ನೋಡಿ ಹುಬ್ಬೇರಿಸಿರುತ್ತೀಯ. ಏರಿಸು, ಪರವಾಗಿಲ್ಲ. ವರ್ಷಕ್ಕೊಮ್ಮೆ ಕ್ರಿಸ್‌ಮಸ್ ಕಾರ್ಡಿನಲ್ಲಿ ಎರಡು ಸಾಲು ಗೀಚಿ ಕೈತೊಳೆದುಕೊಳ್ಳುತ್ತಿದ್ದವಳು ಇಷ್ಟು ದಪ್ಪ ಲಕೋಟೆ ಕಳಿಸಿದ್ದಾಳೆಂದರೆ ಯಾರೋ ಸತ್ತಿರಬೇಕು ಅಂದುಕೊಂಡೆಯಾ? ಯಾರೂ ಸತ್ತಿಲ್ಲ ಮಾರಾಯ. ನಮ್ಮ ಹಳೆಯ ಕೇಬಲ್ ಕಾರ್ ನಿಲ್ಲುತ್ತಿದೆ, ಅಷ್ಟೆ. ಇಪ್ಪತ್ತೊಂಬತ್ತನೇ ತಾರೀಖು ಭಾನುವಾರ ಅದರ ಕೊನೆಯ ಓಡಾಟ. ಹೊಸದನ್ನು ಆಚೆ ಬೆಟ್ಟಕ್ಕೆ ಹಾಕುತ್ತಾರಂತೆ. ಅಂದರೆ ನಮ್ಮ ‘ಮುದುಕಿಯ ಜಡೆ’ ಇಳಿಜಾರಿನ ನೆತ್ತಿಗೆ ಇನ್ನು ಯಾರೂ ಹೋಗುವ ಹಾಗಿಲ್ಲ, ಐದು ಗಂಟೆ ಕಾಲ್ನಡಿಗೆಯಲ್ಲಿ ಹತ್ತುವ ಹುಚ್ಚರನ್ನು ಬಿಟ್ಟರೆ.

ಕೇಬಲ್ ಕಾರಿನ ಫ್ಲುರಿನ್ ಮಾಮ ನೆನಪಿದ್ದಾರಾ? ರಾತ್ರಿ ಹೊಸ ಹಿಮ ಬಿದ್ದ ಬೆಳಿಗ್ಗೆ ನಾವಿಬ್ಬರೂ ಸ್ಕೀ ಹೊತ್ತು ಮೊದಲ ಸಾಲಿನಲ್ಲಿ ನಿಂತಿದ್ದರೆ, ಬಾಯಲ್ಲಿ ಪೈಪ್ ಕಚ್ಚಿಕೊಂಡೇ ಕೇಳುತ್ತಿದ್ದರು: “ಹಗ್ಗದೊಳಗೋ, ಹಗ್ಗದಾಚೆಗೋ?” ಹಗ್ಗ ಕಟ್ಟಿದ ಗಡಿಯೊಳಗೆ ಯಂತ್ರದಿಂದ ಒತ್ತಿ ಇಸ್ತ್ರಿ ಮಾಡಿದ ಇಳಿಜಾರು ನಮಗೆಲ್ಲಿ ಹಿಡಿಸುತ್ತಿತ್ತು! ಆಚೆಗೆ ಅಂದರೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಎರಡು ಗೀಟು ಎಳೆಯುತ್ತಿದ್ದರು. “ವಾಪಸ್ ಬಂದು ಮುಖ ತೋರಿಸ್ರೋ. ಗೀಟು ಅಳಿಸೋ ತನಕ ನನಗೆ ಊಟ ಸೇರಲ್ಲ.”

ಆಮೇಲೆ ನೆತ್ತಿ. ಅಲ್ಲಿ ನಿಂತು ನಮ್ಮಮ್ಮನ ಅಕ್ರೋಟ್ ಕಡುಬನ್ನು ಮುರಿಯುವುದು: ಅರ್ಧ ಮೇಲೆ, ಅರ್ಧ ಕೆಳಗೆ. ಊರಿನ ಎಲ್ಲರೂ ಹಾಗೇ ಮಾಡುವುದು, ಕೆಳಗೆ ತಿನ್ನಲು ಬಾಕಿ ಇದ್ದವನು ಹುಷಾರಾಗಿ ಇಳಿಯುತ್ತಾನೆ ಅಂತ. ನೀನು ಮಾತ್ರ ಮೇಲೆಯೇ ದೊಡ್ಡ ಪಾಲು ನುಂಗಿ, “ಭಾರ ಇದ್ದಷ್ಟೂ ಸ್ಪೀಡು ಕಣೇ” ಅನ್ನುತ್ತಿದ್ದೆ. ಹೊಟ್ಟೆಬಾಕ.

ಮೊದಲು ಕಿರಿದಾದ ಕತ್ತು, ಆಮೇಲೆ ಬಂಡೆಗಳ ನಡುವೆ ಎಡಕ್ಕೊಂದು ಬಲಕ್ಕೊಂದು ಹೆಣಿಕೆ, ಅದಾದ ಮೇಲೆ ಇದ್ದಕ್ಕಿದ್ದಂತೆ ಅಗಲವಾಗಿ ಬಿಚ್ಚಿಕೊಳ್ಳುವ ಆ ದೊಡ್ಡ ಬೋಗುಣಿ. ಮಂಡಿಯುದ್ದ ಹಿಮ. ಪ್ರತಿ ತಿರುವಿಗೂ ಅದು ಹಾರಿ ಮುಖಕ್ಕೆ ಬಡಿದು, ಉಸಿರು ಕಟ್ಟಿ, ಮತ್ತೆ ಬಿಸಿಲು. ಅಷ್ಟು ಸಂತೋಷವನ್ನು ನಾನು ಆಮೇಲೆ ಎಲ್ಲಿಯೂ ಕಂಡಿಲ್ಲ ದುರಿ. ಹೇಳಿಬಿಡುತ್ತೇನೆ, ಇನ್ನೇನು ನಾಚಿಕೆ ಈ ವಯಸ್ಸಿನಲ್ಲಿ.

ಬೋಗುಣಿಯಲ್ಲಿ ಒಬ್ಬೊಬ್ಬರೇ ಇಳಿಯಬೇಕು. ಮೊದಲು ಇಳಿದವರು ಕುರಿಬಂಡೆಯ ಮರೆ ಸೇರಿ ಸಂಜ್ಞೆ ಕೊಡಬೇಕು. ಒಂದು ಕೋಲು ನೆಟ್ಟಗೆ ಎತ್ತಿದರೆ ಬಾ ಎಂದು, ಎರಡು ಕೋಲು ಅಡ್ಡಡ್ಡ ಹಿಡಿದರೆ ಬರಬೇಡ ಎಂದು. ನಿಮ್ಮಪ್ಪ ನಮ್ಮಿಬ್ಬರ ತಲೆಗೂ ಮೊಟಕಿ ಕಲಿಸಿದ್ದರು: “ಮೊದ್ಲು ಮೇಲೆ ನೋಡು, ಆಮೇಲೆ ಕೋಲೆತ್ತು.” ಮೇಲಿನ ಹಿಮದಲ್ಲಿ ಬಿರುಕಿದ್ದರೆ ಅದು ಕಾಣುವುದು ಕೆಳಗಿನವರಿಗೆ ಮಾತ್ರ.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನೆ ಬೆಳಿಗ್ಗೆ ಬ್ರೆಡ್ ತೆಗೆದುಕೊಂಡು ಬರುತ್ತಿದ್ದೆ. ಚರ್ಚಿನ ಹಿಂದಿನ ಬಯಲಿನಲ್ಲಿ ಸೆರೈನಾ ಹೊಸಬರಿಗೆ ಪಾಠ ಹೇಳುತ್ತಿದ್ದಳು. ನಿನ್ನ ಮಗಳು ಗೈಡ್ ಆಗಿ ನಾಲ್ಕು ವರ್ಷವಾಯಿತು, ದನಿಯೂ ನಿನ್ನದೇ, ಅರ್ಧ ಊರಿಗೆ ಕೇಳುತ್ತದೆ. “ನಮ್ಮಪ್ಪ ಈ ಕಣಿವೇಲೇ ನಂಬರ್ ಒನ್ ಗೈಡು. ಕೋಲು ಎತ್ತೋ ಮುಂಚೆ ಇಳಿದುಬಿಟ್ರು. ಮಂಡಿ ಹೋಯ್ತು, ಬ್ಯಾಡ್ಜೂ ಹೋಯ್ತು. ನಮ್ಮಪ್ಪನ ಥರ ಮಾಡ್ಬೇಡಿ!” ಎಲ್ಲರೂ ನಕ್ಕರು.

ಆವತ್ತು ನೀನು ಮುಂಚೆ ಇಳಿಯಲಿಲ್ಲ. ನಾನು ಕೋಲು ಎತ್ತಿದ್ದೆ. ಇಪ್ಪತ್ತೆಂಟು ವರ್ಷದಲ್ಲಿ ಈ ಮಾತನ್ನು ಮೊದಲ ಸಲ ಬರೆಯುತ್ತಿದ್ದೇನೆ. ಕುರಿಬಂಡೆಯ ಹತ್ತಿರ ನಿಂತಿದ್ದಾಗ ನನ್ನ ತಲೆಯ ಮೇಲೆ ಕೇಬಲ್ ಕಾರ್ ಹಾದುಹೋಯಿತು, ಒಳಗಿನಿಂದ ನಮ್ಮ ಗೆಳತಿ ಊರ್ಸಿನಾ ಕಿಟಕಿ ಬಡಿದು ಕೈಬೀಸಿದಳು, ನಾನು ಅವಳಿಗೆ ಅಂತ ಕೋಲೆತ್ತಿದೆ. ನೀನು ನಿನಗೆ ಅಂತ ತಿಳಿದು ಬಂದೆ. ‘ಧಪ್’ ಎಂದು ಒಂದೇ ಸದ್ದು, ಇಡೀ ಬೋಗುಣಿ ಜಾರಿತು. ಹಿಮದಡಿ ಹೂತವರನ್ನು ಪತ್ತೆಹಚ್ಚುವ ಬೀಪರ್ ಹಿಡಿದು ಹುಡುಕಿ, ಅಗೆದು, ನಿನ್ನ ಮುಖ ಸಿಗುವಷ್ಟರಲ್ಲಿ ಹನ್ನೊಂದು ನಿಮಿಷ. ನಿನ್ನ ತುಟಿ ನೀಲಿಯಾಗಿತ್ತು.

ಆಸ್ಪತ್ರೆಗೆ ವಿಚಾರಣೆಯವರು ಬಂದರು. “ಅವಳು ಕೋಲು ಎತ್ತಿರ್ಲಿಲ್ಲ. ಆತುರ ನಂದೇ,” ಅಂದೆ ನೀನು, ನನ್ನ ಕಡೆ ನೋಡದೆ. ನಾನು ಟೀ ಫ್ಲಾಸ್ಕ್ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ನಿನ್ನ ಬ್ಯಾಡ್ಜ್ ಕಿತ್ತುಕೊಂಡ ದಿನವೂ ಬಿಡಲಿಲ್ಲ. ಆಮೇಲೆ ನೀನು ಕುಂಟುತ್ತಾ ಅಡುಗೆಮನೆಗೆ ಬಂದಾಗಲೆಲ್ಲ ನನಗೆ ಸಿಟ್ಟು. ನೀನು ಒಂದು ಸಲ ಬೈದಿದ್ದರೆ ಸಾಕಿತ್ತು. ಬೈಯಲಿಲ್ಲ. “ನಿನ್ನ ಒಳ್ಳೇತನ ಸಾಕಾಗಿದೆ ನಂಗೆ” ಎಂದು ಕೂಗಾಡಿದ್ದು ನಾನೇ. ನೀನು ಮನೆ ಬಿಟ್ಟಾಗ ಸೆರೈನಾಗೆ ನಾಲ್ಕು ವರ್ಷ. ನೀನು ಖೂರ್‌ಗೆ ಹೋಗಿ ಬೇರೆಯವರ ಸ್ಕೀಗಳಿಗೆ ಸಾಣೆ ಹಿಡಿಯುತ್ತಾ ಕೂತೆ.

ನಿನ್ನೆ ಮಧ್ಯಾಹ್ನ ಊಟಕ್ಕೆ ಬಂದ ಸೆರೈನಾಗೆ ಎಲ್ಲ ಹೇಳಿದೆ. ಚಮಚ ಕೆಳಗಿಟ್ಟಳು. “ಇಷ್ಟು ವರ್ಷ ನಾನು ಅಪ್ಪನ್ನ ಆಡ್ಕೊಂಡು ನಗ್ತಿದ್ದೆ. ನೀನು ಎದುರಿಗೇ ಕೂತು ಬಾರ್ಲಿ ಸೂಪ್ ಬಡಿಸ್ತಿದ್ದೆ ಅಲ್ವಾ ಅಮ್ಮಾ?” ಅಂದಳು. ಹೌದು ಅಂದೆ. ಆಮೇಲೆ, “ಅಪ್ಪಂಗೆ ಬರಿ. ಬರೆದಿದ್ದು ನಾನು ಓದ್ಬೇಕು, ಆಮೇಲೆ ಅಂಟಿಸು” ಎಂದು ಎದ್ದು ಹೋದಳು. ಈಗ ಎದುರಿಗೇ ಕೈಕಟ್ಟಿ ಕೂತಿದ್ದಾಳೆ. ಇವತ್ತು ಬೆಳಿಗ್ಗೆ ಪಾಠಕ್ಕೆ ಹೋಗಿ ಹೊಸಬರ ಮುಂದೆ ಮಾತು ವಾಪಸ್ ತೆಗೆದುಕೊಂಡಳಂತೆ.

ಇಪ್ಪತ್ತೊಂಬತ್ತರ ಭಾನುವಾರ ಬಾ. ಬೋಗುಣಿಯ ಕೆಳಗಿನ ಹುಲ್ಲಿನ ಕಣಜದ ತನಕ ಬಂಡಿ ಬರುತ್ತದೆ, ಅಲ್ಲಿಂದ ಕುರಿಬಂಡೆಗೆ ನಿನ್ನ ಮಂಡಿಗೂ ಮುಕ್ಕಾಲು ಗಂಟೆ. ನಾನು ಮತ್ತು ಸೆರೈನಾ ಮೇಲಿರುತ್ತೇವೆ. ಹಿಮ ಸರಿಯಿಲ್ಲ ಅಂತ ಅವಳು ಅಂದರೆ ಯಾರೂ ಇಳಿಯುವುದಿಲ್ಲ, ಕಣಜದಲ್ಲೇ ಕಡುಬು ತಿನ್ನೋಣ. ಸರಿಯಿದ್ದರೆ, ಈ ಸಲ ಕೆಳಗೆ ನಿಂತು ಕೋಲು ಎತ್ತುವವನು ನೀನು. ನೀನು ಎತ್ತದೆ ನಾನು ಇಳಿಯುವುದಿಲ್ಲ. ಎರಡು ಕೋಲು ಅಡ್ಡ ಹಿಡಿದರೂ ನನಗೆ ಅರ್ಥವಾಗುತ್ತದೆ, ಸುಮ್ಮನೆ ಕೇಬಲ್ ಕಾರಿನಲ್ಲೇ ವಾಪಸಾಗುತ್ತೇನೆ.

ಕ್ಷಮಿಸು ಎಂದು ಕೇಳಲು ಧೈರ್ಯವಿಲ್ಲ. ಬಾ ಎಂದು ಮಾತ್ರ ಕೇಳುತ್ತೇನೆ.

ಹಗ್ಗದಾಚೆಯ ನಿನ್ನ ಜೊತೆಗಾತಿ,
ಮದ್ಲೈನಾ

ಮರೆತ ಮಾತು: ಸೆರೈನಾ ಓದಿ ಮುಗಿಸಿದಳು. ಇದನ್ನು ಅಂಚೆ ಕಚೇರಿಯ ಕಿಟಕಿಯ ಪಕ್ಕ ನಿಂತು ಬರೆಯುತ್ತಿದ್ದೇನೆ. ಊರ್ಸಿನಾ ಕೈಬೀಸಿದ್ದು ಸುಳ್ಳು, ಆವತ್ತು ಕೇಬಲ್ ಕಾರ್ ಖಾಲಿಯಿತ್ತು. ಕೋಲು ಎತ್ತಿದ್ದು ನಿನಗೇ, ಮೇಲೆ ನೋಡದೆ. ನಾನು ಬಸುರಿ ಎಂದು ಹಿಂದಿನ ದಿನವಷ್ಟೇ ಗೊತ್ತಾಗಿತ್ತು. ಕುರಿಬಂಡೆಯ ಹತ್ತಿರ, ಉಳಿದ ಅರ್ಧ ಕಡುಬನ್ನು ನಿನ್ನ ಬಾಯಿಗಿಟ್ಟು ಹೇಳಬೇಕು ಅಂತಿದ್ದೆ. ತಲೆಯೆತ್ತಿ ನೋಡುವಷ್ಟು ಹೊತ್ತೂ ತಡೆಯಲಾಗಲಿಲ್ಲ ದುರಿ. ಇದು ಗೊತ್ತಾದರೆ ನಿನ್ನ ಮಂಡಿಯ ಭಾರವನ್ನು ಸೆರೈನಾ ತನ್ನ ತಲೆಯ ಮೇಲೆ ಹೊತ್ತುಕೊಳ್ಳುತ್ತಾಳೆ. ಅವಳಿಗೆ ಊರ್ಸಿನಾಳ ಕಥೆಯೇ ಇರಲಿ. ನನಗಾಗಿ ನೀನು ಒಂದು ಸುಳ್ಳು ಹೇಳಿದ್ದೆ, ಅವಳಿಗಾಗಿ ಇನ್ನೊಂದು ಹೇಳು.