ತಿಳಿಗಾಲದ ಕಾವಲು

ಗದಗ, ಫೆಬ್ರವರಿ ೩೦, ೨೧೭೪

ನನಗಿಂತ ಮೊದಲು ಬದುಕಿದ ಅಕ್ಕಂದಿರೇ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲ. ನಮ್ಮವರು ತಿಂಗಳುಗಳನ್ನು ಸರಿದೂಗಿಸಿ ಬಹಳ ಕಾಲವಾಯಿತು. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರ ಎನಿಸಬಹುದು, ಮನ್ನಿಸಿ. ನಿಧಾನವಾಗಿ ವಿವರಿಸುವಷ್ಟು ಸಮಾಧಾನ ನನಗಿಲ್ಲ. ತಮ್ಮ ಫಕೀರೇಶ ಪಕ್ಕದ ಕೋಣೆಯಲ್ಲಿದ್ದಾನೆ. ಅವನನ್ನು ಒಂದು ಮಾತು ಕೇಳಬೇಕಾಗಿದೆ, ಧೈರ್ಯ ಸಾಲುತ್ತಿಲ್ಲ.

ಅವನಿಗೆ ಸ್ಕಿಜೋಫ್ರೇನಿಯಾ. ನಿಮ್ಮ ಕಾಲದ ಆ ಹೆಸರನ್ನು ನಾವಿನ್ನೂ ಬದಲಿಸಿಲ್ಲ. ಹೋದ ವಾರ ಆಸ್ಪತ್ರೆಯಿಂದ ಬಂದ. ಅವನನ್ನು ಬೈಯುತ್ತಿದ್ದ ದನಿಗಳು ನಿಂತಿವೆ. ಹೀಗೆ ಮನಸ್ಸು ತಿಳಿಯಾದ ಮೊದಲ ತಿಂಗಳುಗಳನ್ನು ನಾವು ತಿಳಿಗಾಲ ಎನ್ನುತ್ತೇವೆ. ಕಾಯಿಲೆ ಜೋರಾಗಿದ್ದಾಗಷ್ಟೇ ಅಲ್ಲ, ಇಳಿದಾಗಲೂ ಜೀವಕ್ಕೆ ಅಪಾಯವಿದೆ. ಏನೇನು ಕಳೆದುಕೊಂಡೆ ಎಂಬುದು ಕಣ್ಣಿಗೆ ಬೀಳುವುದೇ ಆಗ. ಅದಕ್ಕೇ ಮನೆಯವರೊಬ್ಬರಿಗೆ ಸಂಬಳ ಸಹಿತ ಕಾವಲು ರಜೆ ಕೊಡುತ್ತಾರೆ. ಅವ್ವ ಅದನ್ನು ಬೇಡವೆಂದಳು. ಹುಡುಗ ಗುಣವಾಗಿದ್ದಾನೆ, ಕಾವಲಿಟ್ಟರೆ ಹುಚ್ಚ ಎಂದಂತಾಗುತ್ತದೆ ಎಂಬುದು ಅವಳ ವಾದ. ಓಣಿಗೆಲ್ಲ ಸಿಹಿ ಸಜ್ಜಕ ಹಂಚಿ ಗಾಳಿಯಂತ್ರಗಳ ಕೆಲಸಕ್ಕೆ ಹೋಗಿದ್ದಾಳೆ. ಸಿಟ್ಟು ಬರುತ್ತದೆ, ಆದರೆ ಅವಳ ಸಂತೋಷಕ್ಕೆ ಕಲ್ಲು ಹಾಕಲು ನನಗೂ ಮನಸ್ಸಾಗಲಿಲ್ಲ.

ಫಕೀರೇಶ ಎಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟವನು. ಓರಗೆಯವರು ಈಗ ಕಡಲೊಳಗೆ ರೈಲು ದಾರಿ ಹಾಕುತ್ತಿದ್ದಾರೆ. ನಿನ್ನೆ ಇಡೀ ದಿನ ಅವರ ಚಿತ್ರಗಳನ್ನು ಗೋಡೆಯ ಮೇಲೆ ಮೂಡಿಸಿಕೊಂಡು ನೋಡುತ್ತ ಕೂತಿದ್ದ. ಇವತ್ತು ತನ್ನ ಹಾರ್ಮೋನಿಯಂ ಒರೆಸಿ ಪಕ್ಕದ ಮನೆಯವರಿಗೆ ಕೊಟ್ಟು ಬಂದ. ಎಷ್ಟು ಶಾಂತವಾಗಿದ್ದಾನೆ ಎಂದು ಎಲ್ಲರಿಗೂ ಖುಷಿ. ನನಗೆ ಮಾತ್ರ ಅದು ವಿದಾಯ ಹೇಳಿದಂತೆ ಕಂಡಿತು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾದೀತು ಎಂದು ನೀವೂ ಹೆದರುತ್ತಿದ್ದಿರಂತೆ. ಹಾಗೇನೂ ಆಗುವುದಿಲ್ಲ, ನೇರವಾಗಿ ಕೇಳಿ ಎಂದು ವೈದ್ಯೆ ಹೇಳಿಯೇ ಕಳಿಸಿದ್ದಾರೆ. ಆದರೂ ಎರಡು ಸಲ ಅವನ ಬಾಗಿಲವರೆಗೆ ಹೋದವಳು ಚಹಾ ಬೇಕೇ ಎಂದಷ್ಟೇ ಕೇಳಿ ವಾಪಸು ಬಂದೆ.

ಇನ್ನುಳಿದದ್ದನ್ನು ಅವನ ಮಂಚದ ಮೇಲೆ ಕೂತು ಬರೆಯುತ್ತಿದ್ದೇನೆ. ಸುತ್ತಿ ಬಳಸದೆ ಕೇಳಿಬಿಟ್ಟೆ: “ಫಕೀರ, ಸಾಯಬೇಕು ಅಂತ ಅನಸಾಕತ್ತೈತೇನೋ?”

ಅವನು ನನ್ನತ್ತ ತಿರುಗಿ ಕೂತ. ಆಮೇಲೆ, “ಹೌದಕ್ಕ. ಯಾರರ ಕೇಳ್ತಾರೇನಂತ ಕಾಯಾಕತ್ತಿದ್ದೆ” ಅಂದ.

ಇಬ್ಬರೂ ಅತ್ತೆವು. ವೈದ್ಯೆಗೆ ತಿಳಿಸಿದ್ದೇನೆ, ಬರುತ್ತಿದ್ದಾರೆ, ಅವ್ವನೂ ಹೊರಟಿದ್ದಾಳೆ. ಅಲ್ಲಿಯವರೆಗೆ ನಾನು ಇಲ್ಲಿಂದ ಏಳುವುದಿಲ್ಲ. ನಿಮ್ಮ ಮನೆಗೂ ಯಾರಾದರೂ ಗುಣವಾಗಿ ಬಂದಿದ್ದರೆ ಈ ಪತ್ರ ಪಕ್ಕಕ್ಕಿಡಿ. ಎದ್ದು ಹೋಗಿ ಅವರ ಬಳಿ ಕೂತು ಕೇಳಿ. ಅವರೂ ಕಾಯುತ್ತಿರಬಹುದು.

ನಿಮ್ಮವಳೇ ಆದ
ದಾಕ್ಷಾಯಣಿ