ಗೌಡರು ಹೇಳಿ ಹೋದ ಮಾತುಗಳು

ಘೋಡಗೇರಿ
ತಾ. 12-8-1959, ಬುಧವಾರ

ಪೂಜ್ಯ ಮಾವನವರಿಗೆ,

ಉಗುರೊಳಗಿನ ಕೆಸರು ಇನ್ನೂ ಹೋಗದ ಕೈಗಳಿಂದಲೇ ನಿಮ್ಮ ಪಾದ ಮುಟ್ಟಿ ಸೊಸೆ ಕಾಶೆವ್ವ ಮಾಡುವ ಶರಣು. ನಿಮ್ಮ ಮೊಣಕಾಲು ಹೇಗಿದೆ? ಮೂಡಲಗಿಯ ವೈದ್ಯರು ಕೊಟ್ಟ ಎಣ್ಣೆಯನ್ನು ಗೌರವ್ವಕ್ಕ ದಿನಾ ತಿಕ್ಕುತ್ತಿದ್ದಾರೋ, ಇಲ್ಲ ನೀವೇ ನಾಳೆ ನೋಡೋಣವೆಂದು ಬಾಟಲಿಯನ್ನು ಹಾಸಿಗೆಯ ಕೆಳಗೆ ತಳ್ಳುತ್ತಿದ್ದೀರೋ? ಮಗಳ ಮನೆಯೆಂದು ಸಂಕೋಚಪಟ್ಟು ಅರೆಹೊಟ್ಟೆ ಉಣ್ಣಬೇಡಿ. ಇಲ್ಲಿ ನಾವೆಲ್ಲ ಕ್ಷೇಮ. ಎಲ್ಲರೂ ಎಂದರೆ ಇಡೀ ಊರು. ಒಂದು ಜೀವವೂ ಹೋಗಿಲ್ಲ. ಇದನ್ನು ಮೊದಲೇ ಬರೆಯುತ್ತಿದ್ದೇನೆ, ಏಕೆಂದರೆ ನೀವು ಅರ್ಧ ಓದಿಯೇ ಗಾಡಿ ಹೂಡಿಸುವವರು. ಪೂರ್ತಿ ಓದಿ, ಆಮೇಲೆ ಹೂಡಿಸಿ.

ಪಂಚಮಿಯ ಹಿಂದಿನ ದಿನ ಬೆಳಿಗ್ಗೆ ಹೊಳೆ ಊರೊಳಗೆ ಬಂತು. ಇಲ್ಲಿ ಅಂಥ ಮಳೆಯೇನಿರಲಿಲ್ಲ, ಸುರಿದದ್ದು ಮೇಲೆ ಘಟ್ಟದಲ್ಲಿ. ನಾನು ತಂಬಿಟ್ಟಿನ ಉಂಡೆ ಕಟ್ಟುತ್ತ ಕೂತಿದ್ದೆ. ಹಿತ್ತಲ ಬಾಗಿಲಿಂದ ಯಾರದೋ ಮನೆಯ ಮಣೆ ತೇಲಿಕೊಂಡು ಬಂದು ನನ್ನ ಮುಂದೆ ನಿಂತಿತು, ಕೂತುಕೋ ಎಂಬಂತೆ. ಅಷ್ಟರಲ್ಲಿ ಹೊಳೆಯ ಓಣಿಯಲ್ಲಿ ಎದೆಮಟ್ಟ ನೀರು. ನಿಮ್ಮ ಮಗ ಎತ್ತು ಬಿಚ್ಚಿಕೊಂಡು ಬರುತ್ತೇನೆಂದು ತಗ್ಗಿನ ಹೊಲದ ಗಾಣದ ಮನೆಗೆ ಹೋಗಿದ್ದರು. ಎತ್ತು ಈಜಿಕೊಂಡು ಮನೆಗೆ ಬಂದವು. ನಿಮ್ಮ ಮಗ ಬರಲಿಲ್ಲ. ನೋಡಿದರೆ ಗಾಣದ ಮನೆಯ ಮಾಡಿನ ಮೇಲೆ ಕೂತಿದ್ದಾರೆ. ಜೊತೆಗೆ ಅಲ್ಲಿ ಕಬ್ಬು ಕಾಯುವ ರಾಯವ್ವ, ಅವಳ ಸೊಸೆ ಸಾತವ್ವ, ಸಾತವ್ವನ ಮಡಿಲಲ್ಲಿ ಹಾಲುಗೂಸು. ಸುತ್ತ ಕೆಂಪು ನೀರು. ಹಲಗೆ ಬಾರಿಸುವ ಉದ್ದಪ್ಪನ ತಾಯಿ, ಹೆಂಡತಿ, ಕೂಸು ಮೂವರೂ ಅಲ್ಲಿ; ಅವನು ಇತ್ತ ದಂಡೆಯಲ್ಲಿ ಹುಚ್ಚನಂತೆ ಓಡಾಡುತ್ತಿದ್ದ.

ಗಂಡಸರೆಲ್ಲ ನಮ್ಮ ಮನೆಯ ಕಟ್ಟೆಯ ಮುಂದೆ ಕೂಡಿದರು. ನೀವಿಲ್ಲವಲ್ಲ, ಆದ್ದರಿಂದ ಊರಿಗೆ ಇಬ್ಬರು ಗೌಡರು ಹುಟ್ಟಿದರು. ಒಬ್ಬರು ನಿಮ್ಮ ತಮ್ಮ ಅಣ್ಣಪ್ಪ ಕಾಕಾ, ಇನ್ನೊಬ್ಬರು ಸಾಲೆಯ ಬೀರಸಿದ್ದಪ್ಪ ಮಾಸ್ತರರು. ಕಾಕಾ ಅವರದು, ಮೊದಲು ಗಾಣದ ಮನೆ. ಮಾಸ್ತರರದು, ಮೊದಲು ಓಣಿ, ಅದಕ್ಕೂ ಮೊದಲು ಸಭೆ, ಸಭೆಯಲ್ಲಿ ಒಂದು ಠರಾವು. ಕಬ್ಬಿನ ಹಾಲು ಕುದಿಸುವ ನಮ್ಮ ದೊಡ್ಡ ಕೊಪ್ಪರಿಗೆಯನ್ನು ದೋಣಿ ಮಾಡಬೇಕೆನ್ನುವುದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ನೀರಿಗಿಳಿಸಿದ ಕೂಡಲೇ ಕಾಕಾನ ಮಂದಿ ಅತ್ತ ಎಳೆದರು, ಮಾಸ್ತರರ ಮಂದಿ ಇತ್ತ. ಅದು ನಿಂತಲ್ಲೇ ಬುಗುರಿಯಂತೆ ತಿರುಗಿತು. ಒಳಗೆ ಕೂತಿದ್ದ ನಮ್ಮ ಗಾಡಿ ಹೊಡೆಯುವ ಶಿದ್ರಾಮ ತಿಂದ ಉಂಡೆಯನ್ನೆಲ್ಲ ಹೊಳೆಗೆ ಒಪ್ಪಿಸಿದ.

ನಾನು ಬಾಗಿಲ ಹಿಂದೆ ನಿಂತು ನೋಡುತ್ತಿದ್ದೆ. ಗಂಡಸರ ನಡುವೆ ಸೊಸೆ ಬಾಯಿ ಹಾಕುವ ಮನೆತನ ನಮ್ಮದಲ್ಲ, ಗೊತ್ತು. ಆದರೆ ಮಾಡಿನ ಮೇಲೆ ಕೂತವರು ನನ್ನ ಗಂಡ. ರೊಟ್ಟಿ ಬಡಿಯಲು ಬಂದಿದ್ದ ತಾಯವ್ವನ ಕಿವಿಯಲ್ಲಿ ಹೇಳಿದೆ. ಅವಳು ಕಟ್ಟೆಯ ಮೇಲೆ ಹೋಗಿ ಸೊಂಟಕ್ಕೆ ಕೈಯಿಟ್ಟು ಕೂಗಿದಳು: "ಸುಮ್ಮಕಿರ್ರಿ ಎಲ್ಲಾರೂ! ಹೊಳಿ ಏರಿದ್ರ ಊರಾಗಿನ ಎಲ್ಲಾರ ಕೊಪ್ಪರಗಿ ಇಲ್ಲಿ ತರಬೇಕು, ಅಣ್ಣಪ್ಪ ಗಾಣದ ಕಡಿ ಹೋಗಬೇಕು, ಮಾಸ್ತರ ಓಣಿ ಕಡಿ ಹೋಗಬೇಕು ಅಂತ ಗೌಡ್ರು ಹೇಳಿ ಹೋಗ್ಯಾರ!"

ಮಾವನವರೇ, ನೀವು ಹೋಗುವಾಗ ಹೇಳಿದ್ದು ಕರುವಿಗೆ ಹಸಿ ಮೇವು ಹಾಕು ಎಂದಷ್ಟೇ. ಆದರೆ ಆ ಸದ್ದಡಗಿದ್ದನ್ನು ನೀವು ನೋಡಬೇಕಿತ್ತು. ಕಾಕಾ ರುಮಾಲು ಸರಿಮಾಡಿಕೊಂಡು, "ಅಣ್ಣ ಹೇಳ್ಯಾನಂದ್ರ ಮಾತು ಮುಗೀತು" ಎಂದು ಹೊರಟೇಬಿಟ್ಟರು. ಮಾಸ್ತರರಿಗೆ ಮಾತ್ರ ಸಂಶಯ. "ಹೊಳಿ ಏರೂದು ಗೌಡ್ರಿಗೆ ಮೊದಲ ಹೆಂಗ ಗೊತ್ತಾತು?" ಎಂದು ಕೇಳಿದರು. ತಾಯವ್ವ ಕಣ್ಣು ಸಹ ಮಿಟುಕಿಸಲಿಲ್ಲ. "ಅವರಿಗೆಲ್ಲಿ ಗೊತ್ತಿತ್ತರಿ? ಅವರ ಮೊಣಕಾಲಿಗೆ ಗೊತ್ತಿತ್ತು!"

ಆಮೇಲೆ ಒಂದೊಂದು ತಕರಾರಿಗೂ ಜನ ಬಾಗಿಲಿಗೆ ಬರತೊಡಗಿದರು: "ಗೌಡ್ರು ಮತ್ತೇನರ ಹೇಳ್ಯಾರೇನವಾ?" ನಾನು ಸ್ವಲ್ಪ ಹೊತ್ತು ನೆನಪಿಸಿಕೊಂಡಂತೆ ಮಾಡಿ ಹೇಳುತ್ತಿದ್ದೆ. ಒಂದೇ ಕೊಪ್ಪರಿಗೆ ತಿರುಗುತ್ತದೆ, ಎರಡನ್ನು ಜೋಡಿಸಿ ನಡುವೆ ನೊಗ ಕಟ್ಟಿರಿ. ಬಾವಿಯ ಹಗ್ಗಗಳನ್ನೆಲ್ಲ ಗಂಟು ಹಾಕಿ ಒಂದು ತುದಿಯನ್ನು ಬೇವಿನ ಮರಕ್ಕೆ, ಇನ್ನೊಂದನ್ನು ಕೊಪ್ಪರಿಗೆಗೆ ಬಿಗಿಯಿರಿ. ದೂರದವರಿಗೆ ಕೂಗು ಕೇಳುವುದಿಲ್ಲ, ಉದ್ದಪ್ಪನ ಹಲಗೆ ಕೇಳುತ್ತದೆ: ನಿಧಾನ ಬಾರಿಸಿದರೆ ಹಗ್ಗ ಬಿಡಿರಿ, ಜೋರು ಬಾರಿಸಿದರೆ ಎಳೆಯಿರಿ. ಓಣಿಯಿಂದ ಬಂದವರೆಲ್ಲ ನೀರು ಮುಟ್ಟದ ನಮ್ಮ ಎತ್ತರದ ಪಡಸಾಲೆಯಲ್ಲಿ ಇರಲಿ. ಕೆಲಸ ಸಿಕ್ಕಿದ ಮೇಲೆ ಉದ್ದಪ್ಪ ಓಡಾಟ ಬಿಟ್ಟು ದಂಡೆಯಲ್ಲಿ ಹಲಗೆ ಹಿಡಿದು ನಿಂತ. ಮಾಸ್ತರರು ಎದೆಮಟ್ಟ ನೀರಲ್ಲಿ ನಿಂತು ಓಣಿಯ ಮುದುಕರನ್ನು ಒಬ್ಬೊಬ್ಬರನ್ನಾಗಿ ಹೆಗಲ ಮೇಲೆ ಹೊತ್ತು ತಂದರು. ಠರಾವಿನ ನೆನಪೂ ಆಗಲಿಲ್ಲ ಪಾಪ.

ಕಾಕಾನ ಜೋಡಿ ಕೊಪ್ಪರಿಗೆ ಗಾಣದ ಮನೆ ಮುಟ್ಟಿತು. ಆದರೆ ರಾಯವ್ವ ಮಾಡು ಬಿಟ್ಟು ಇಳಿಯಲೊಲ್ಲಳು. "ಗೌಡ್ರ ಬೆಲ್ಲದ ಕೊಪ್ಪರಗ್ಯಾಗ ನಾವು ಕುಂತ್ರ ನಾಳೆ ಆ ಬೆಲ್ಲ ಯಾರು ತಿಂತಾರ್ರಿ? ಕೂಸಿನ್ನಷ್ಟ ಒಯ್ಯಿರಿ" ಎಂದಳಂತೆ. ಕಾಕಾನೂ ಬಾ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ನೀರು ಮಾಡಿನ ಹುಲ್ಲು ಮುಟ್ಟುತ್ತಿತ್ತು. ತಾಯಿ ಇಳಿಯದ್ದನ್ನು ದಂಡೆಯಿಂದಲೇ ಕಂಡ ಉದ್ದಪ್ಪ ಹಲಗೆ ನಿಲ್ಲಿಸಿ ಇಡೀ ಹೊಳೆಗೆ ಕೇಳುವಂತೆ ಕೂಗಿದ: "ಏ ಯವ್ವಾ, ಹತ್ತ! ಎಲ್ಲಾರೂ ಒಂದ ಕೊಪ್ಪರಗ್ಯಾಗ ಬರಬೇಕಂತ ಗೌಡ್ರು ಹೇಳಿ ಹೋಗ್ಯಾರ!" ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಆದರೆ ಕಾಕಾ ಕೈ ಚಾಚಿದರು. ರಾಯವ್ವ ಆ ಕೈ ಹಿಡಿದು ಇಳಿದಳು.

ಕೊನೆಗೆ ನಿಮ್ಮ ಮಗ ಹತ್ತಬೇಕು, ಅಷ್ಟರಲ್ಲಿ ಒಂದು ಮರದ ದಿಮ್ಮಿ ಬಂದು ಬಡಿದು ಕೊಪ್ಪರಿಗೆ ಅತ್ತ ಸರಿಯಿತು. ಕಾಕಾ ಹಗ್ಗ ಎಸೆದರು. ನಿಮ್ಮ ಮಗ ಆ ಕಡೆ ಮುಖ ಮಾಡಿಕೊಂಡು ಕುಸಿಯುತ್ತಿದ್ದ ಗೋಡೆಯನ್ನು ನೋಡುತ್ತ ನಿಂತಿದ್ದಾರೆ. ಎಲ್ಲರೂ ಕೂಗಿದರು, ಹಲಗೆ ಬಡಿದರು, ಆ ಗದ್ದಲದಲ್ಲಿ ಯಾವ ಕೂಗು ತಮಗೆಂದು ಅವರಿಗೆ ತಿಳಿಯಲಿಲ್ಲ. ನಾನು ಯಾವಾಗ ಬಾಗಿಲು ದಾಟಿದೆನೋ, ತಲೆಯ ಸೆರಗು ಎಲ್ಲಿ ಬಿತ್ತೋ ಗೊತ್ತಿಲ್ಲ. ದಂಡೆಯಲ್ಲಿ ನಿಂತು ಊರ ಮುಂದೆ "ಮುರಿಗೆಪ್ಪಾ!" ಎಂದು ಒದರಿದೆ. ಮದುವೆಯಾದಾಗಿನಿಂದ ನನ್ನ ಬಾಯಲ್ಲಿ ಆ ಹೆಸರು ಕೇಳಿರದ ನಿಮ್ಮ ಮಗ ಗಾಬರಿಯಾಗಿ ಗರ್ರನೆ ತಿರುಗಿದರು. ತಿರುಗಿದ್ದಕ್ಕೇ ಹಗ್ಗ ಕೈಗೆ ಸಿಕ್ಕಿತು. ಅವರು ಕೊಪ್ಪರಿಗೆಗೆ ಬಿದ್ದ ಮೇಲೆ ಮಾಡು ಕುಸಿಯಿತು.

ದಂಡೆ ಮುಟ್ಟಿದಾಗ ಉದ್ದಪ್ಪ ಖುಷಿಯಲ್ಲಿ ಮದುವೆ ಮೆರವಣಿಗೆಯ ಪೆಟ್ಟು ಬಾರಿಸಿದ. ಹಗ್ಗ ಹಿಡಿದವರು ಹಗ್ಗ ಬಿಟ್ಟು ಕುಣಿದರು. ಕೊಪ್ಪರಿಗೆ ಮತ್ತೆ ಹೊಳೆಯತ್ತ ಹೊರಟಿತು. ಮೊದಲು ಇಳಿಸಿಕೊಂಡು ಆಮೇಲೆ ಕುಣಿಯಿರೆಂದೂ ಗೌಡರೇ ಹೇಳಬೇಕಾಯಿತು. ನಿಮ್ಮ ಮಗ ನನ್ನ ಮುಂದೆ ಬಂದು, "ಇನ್ನೊಮ್ಮಿ ಕರಿ ನೋಡೂಣು" ಎಂದರು. ನಾನು ಅಳುತ್ತ ಒಳಗೆ ಓಡಿಬಂದೆ. ಸಾತವ್ವನ ಕೂಸು ಪಂಚಮಿಯ ಜೋಕಾಲಿಯಲ್ಲಿ ನಮ್ಮ ಪಡಸಾಲೆಯಲ್ಲೇ ಮಲಗಿತು. ಎಲ್ಲರಿಗೂ ಒಂದೇ ಒಲೆಯಲ್ಲಿ ನುಚ್ಚು ಬೇಯಿಸಿದೆವು. ಈಗಂತೂ ಯಾರ ಬಾಯಲ್ಲಿ ನೋಡಿದರೂ ಗೌಡರು ಹೇಳ್ಯಾರ ಎನ್ನುವುದೇ. ತನಗೆ ಎರಡು ಕಪ್ ಚಹಾ ಕೊಡಬೇಕೆಂದೂ ನೀವು ಹೇಳಿ ಹೋಗಿದ್ದೀರಂತೆ, ತಾಯವ್ವ ಹೇಳಿದಳು.

ನಿನ್ನೆ ಹುಕ್ಕೇರಿಯಿಂದ ತಾಲೂಕಿನ ಮಾಮಲೇದಾರ ಸಾಹೇಬರು ಬಂದಿದ್ದರು. ಇಷ್ಟು ಅಚ್ಚುಕಟ್ಟಾಗಿ ಮಂದಿಯನ್ನು ಉಳಿಸಿಕೊಂಡ ಊರನ್ನು ತಾವು ಕಂಡಿಲ್ಲ, ಇದು ಯಾರ ವ್ಯವಸ್ಥೆ ಎಂದು ಕೇಳಿದರು. ಊರೆಲ್ಲ ಒಂದೇ ದನಿಯಲ್ಲಿ ನಿಮ್ಮ ಹೆಸರು ಹೇಳಿತು. ಊರಲ್ಲಿ ಇಲ್ಲದೆಯೇ ಇಷ್ಟು ಮಾಡಿದ ಗೌಡರು, ಇದ್ದಿದ್ದರೆ ಇನ್ನೆಷ್ಟು ಮಾಡುತ್ತಿದ್ದರೋ ಎಂದು ಸಾಹೇಬರು ಬೆರಗಾದರು. "ಇದ್ದಿದ್ರ ನಮ್ಮಿಬ್ಬರ ಜೋಡಿ ಮೂರನೇದವರಾಗಿ ಜಗಳಾಡತಿದ್ರು" ಎಂದು ಮಾಸ್ತರರು ಮೆಲ್ಲಗೆ ಅಂದದ್ದು ನನಗೆ ಕೇಳಿತು. ಬರುವ ಸೋಮವಾರ ಸಾಹೇಬರು ಮತ್ತೆ ಬರುತ್ತಾರೆ. ಕಣಗಲಾ ಊರಿನ ಹಿರಿಯರೂ ಬಂದು ನಿಮ್ಮಿಂದ ಕೇಳಿ ಕಲಿಯಬೇಕಂತೆ. ಅದಕ್ಕಾಗಿಯೇ ನೀವು ಏನೇನು ಹೇಳಿ ಹೋದಿರೆಂದು ಇಷ್ಟು ವಿವರವಾಗಿ ಬರೆದಿದ್ದೇನೆ. ಒಂದೆರಡು ಸಲ ಓದಿಕೊಂಡು ಬನ್ನಿ.

ಗೌರವ್ವಕ್ಕನಿಗೂ ಅವರ ಮಕ್ಕಳಿಗೂ ನನ್ನ ನೆನಪು ತಿಳಿಸಿ. ಕರು ಆರಾಮಿದೆ, ಹಸಿ ಮೇವು ಮಾತ್ರ ಕೊಚ್ಚಿಹೋಗಿದೆ. ನಿಮ್ಮ ಕಾಲಿಗೆ ಬಸವಣ್ಣ ಬಲ ಕೊಡಲಿ.

ನಿಮ್ಮ ಮಾತನ್ನು ಮೀರದ ಸೊಸೆ,
ಕಾಶೆವ್ವ

ತಾ. ಕ.: ಪತ್ರ ಒಯ್ಯಲು ಶಿದ್ರಾಮ ಗಾಡಿ ಹೂಡಿಕೊಂಡು ಒದರುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತೇನೆ. ಹೊಳೆಯ ಓಣಿಯವರೂ ರಾಯವ್ವನ ಮನೆಯವರೂ ಇನ್ನು ತಗ್ಗಿಗೆ ಹೋಗುವುದಿಲ್ಲ. ಎತ್ತರದ ಮರಡಿಯ ಮೇಲಿನ ನಮ್ಮ ಹೊಲದಲ್ಲಿ ಮನೆ ಕಟ್ಟಿಕೊಳ್ಳಿರೆಂದು ಗೌಡರು ಹೇಳಿ ಹೋಗಿದ್ದಾರಂತೆ. ಬಸವಣ್ಣನ ಆಣೆ, ಇದನ್ನು ನಾನು ಹೇಳಿಲ್ಲ. ತಾಯವ್ವನೂ ತಾನಲ್ಲ ಎನ್ನುತ್ತಾಳೆ. ನಿಮ್ಮ ಮಗನನ್ನು ಕೇಳಿದರೆ ಮೀಸೆಯೊಳಗೆ ನಗುತ್ತಾರೆ. ಕಾಕಾ ನಿಂತು ಸುಣ್ಣದ ಗೆರೆ ಹಾಕಿಸಿದ್ದಾರೆ, ರಾಯವ್ವ ತನ್ನ ಬಾಗಿಲು ಮೂಡಣಕ್ಕೆಂದು ಕಲ್ಲೂ ಇಟ್ಟಿದ್ದಾಳೆ. ಸೋಮವಾರ ಸಾಹೇಬರು ಎಲ್ಲರೆದುರು ಕೇಳುತ್ತಾರೆ. ನೀವು "ಹೌದು, ಹೇಳಿದ್ದೆ" ಎಂದರೆ ಸಾಕು. ಹಾಗನ್ನಲು ಮನಸ್ಸಿಲ್ಲದಿದ್ದರೆ ಅವಸರ ಮಾಡಬೇಡಿ, ಮೂಡಲಗಿಯಲ್ಲೇ ಇನ್ನೊಂದು ವಾರ ಆರಾಮಾಗಿರಿ. ನೀವು ಏನು ಹೇಳಿದಿರೆಂದು ಸಾಹೇಬರಿಗೆ ನಾನೇ ತಿಳಿಸುತ್ತೇನೆ.