ಬೇಡವೆಂದು ಕತ್ತರಿಸಿದ ತಂತಿ

ಮಿಯಾಪುರ, ಹೈದರಾಬಾದ್
೨೨ ಮೇ ೨೦೦೫, ಭಾನುವಾರ

ಚಿ. ಸೌ. ಲಹರಿಗೆ,

ನಿನ್ನ ಮಾವ ಹನುಮಂತರಾಯ ಮನಸಾರೆ ಮಾಡುವ ಆಶೀರ್ವಾದಗಳು. ಮೈ ಹೇಗಿದೆಯಮ್ಮಾ? ಕಾಲಿನ ಬಾವು ಇಳಿಯಿತೇ? ಬೀದರಿನಲ್ಲೂ ಬಿಸಿಲು ಕಡಿಮೆಯೇನಿಲ್ಲ ಅಂತ ಪೇಪರಿನಲ್ಲಿ ಓದಿದೆ. ಮಧ್ಯಾಹ್ನ ಅಂಗಳಕ್ಕೆ ಇಳಿಯಬೇಡ, ಮಜ್ಜಿಗೆ ಬಿಡಬೇಡ. ನಿನ್ನ ಅತ್ತೆ ಗುಣವತಿ ಮೊನ್ನೆ ಬೇಗಂ ಬಜಾರಿಗೆ ಹೋಗಿ ಬಾಣಂತಿಯ ಉಂಡೆಗೆ ಬೇಕಾದ ಅಂಟು, ಒಣಕೊಬ್ಬರಿ, ಖಾರೀಕು ಎಲ್ಲ ಈಗಲೇ ತಂದಿಟ್ಟಿದ್ದಾಳೆ. ಇನ್ನೂ ಎರಡು ತಿಂಗಳಿದೆಯಲ್ಲೇ ಎಂದರೆ ನನ್ನ ಮುಖ ನೋಡಿ ಡಬ್ಬಿ ಮುಚ್ಚಿ ಒಳಗೆ ಹೋಗುತ್ತಾಳೆ. ನೀನು ತವರಿಗೆ ಹೋದಾಗಿನಿಂದ ನನ್ನೊಡನೆ ಅವಳ ಮಾತು ಊಟಕ್ಕೆ ಕರೆಯುವಷ್ಟಕ್ಕೆ ಬಂದು ನಿಂತಿದೆ.

ಅದಕ್ಕೆ ಕಾರಣ ನಿನಗೆ ಗೊತ್ತು. ನಿನಗೆ ಗೊತ್ತಿಲ್ಲದ್ದನ್ನು ಹೇಳಲು ಈ ಕಾಗದ. ನಾಚಿಕೆಯಾಗುತ್ತಿದೆ ಲಹರಿ, ಫೋನಿನಲ್ಲಿ ಹೇಳಲು ಎರಡು ಸಲ ಹೊರಟು ನಿನ್ನ ಆರೋಗ್ಯ ಕೇಳಿ ಇಟ್ಟುಬಿಟ್ಟೆ.

ನನ್ನ ಕಣ್ಣು ತೋರಿಸಲು ನೀನು ಅರ್ಧ ದಿನ ರಜೆ ಹಾಕಿ ಕಾರಿನಲ್ಲಿ ಕರೆದೊಯ್ದ ದಿನ ನೆನಪಿದೆಯಲ್ಲ. ಉರಿ ಬಿಸಿಲು. ನೀನು ಗಾಡಿ ನಡೆಸುತ್ತಿದ್ದೆ, ನಾನು ಪಕ್ಕದಲ್ಲಿ ಎ.ಸಿ.ಯ ತಂಪಿಗೆ ಕಾಲು ಚಾಚಿ ಕೂತಿದ್ದೆ. "ಮಾವಾರ, ನನ್ನ ಕಡೆ ಬೆಂಕಿಯಂಥ ಗಾಳಿ ಬರಾಕತ್ತೈತ್ರಿ, ಒಮ್ಮೆ ಗ್ಯಾರೇಜಿಗೆ ತೋರಿಸೋಣ್ರಿ" ಎಂದು ನೀನಂದೆ. ನಾನೇನಂದೆ? "ಇಬ್ಬರೂ ಒಂದ ಗಾಡಿಯಾಗ ಕುಂತೀವಿ. ನನಗ ತಂಪು ಬರಾಕತ್ತೈತಿ, ನಿನಗಷ್ಟ ಬಿಸಿ ಬರ್ತೈತೇನು?" ಅಂದೆ. ಕೈ ಚಾಚಿದ್ದರೆ ಒಂದು ಮೊಳ ದೂರ. ಚಾಚಲಿಲ್ಲ. ನೀನು ದಾರಿಯಲ್ಲಿ ಗಾಡಿ ನಿಲ್ಲಿಸಿ, ಬೇವಿನ ಮರದ ಕೆಳಗೆ ನಿಂತು ಮುಖಕ್ಕೆ ನೀರು ಹಾಕಿಕೊಂಡಾಗಲೂ, ಡಾಕ್ಟರು ಕಾಯುತ್ತಾರೆ ಎಂದು ನಾನು ಗಡಿಯಾರ ನೋಡಿದೆ.

ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ನಿನ್ನ ಸೀಮಂತದ ಕುಬಸದ ದಿನ, ಹಸಿರು ಸೀರೆ ಉಟ್ಟು ನೀನು ಮಣೆಯ ಮೇಲೆ ಕೂತಿದ್ದಾಗ ನಿಮ್ಮಪ್ಪ ರಾಮದಾಸರು ಕಾರಿನ ಸುದ್ದಿ ತೆಗೆದರು. ನಾನು ಎಲ್ಲರೆದುರಿಗೆ, "ಕುಣಿಯಲಾರದವಳು ಅಂಗಳ ಡೊಂಕು ಅಂದಳಂತ್ರೀ" ಎಂದುಬಿಟ್ಟೆ. ಬಂದವರೆಲ್ಲ ನಕ್ಕರು. ಬೀಗರೂ ಮರ್ಯಾದೆಗೆ ನಕ್ಕರು. ನೀನು ಮಾತ್ರ ನಗಲಿಲ್ಲ. ಹೊರಡುವಾಗ ಕಾರಿನ ಕೀಲಿಯನ್ನು ದೇವರ ಮಾಡದಲ್ಲಿಟ್ಟು, "ಇನ್ನು ನಾ ಈ ಗಾಡಿ ಮುಟ್ಟಂಗಿಲ್ರಿ" ಎಂದು ನಮಸ್ಕಾರ ಮಾಡಿ ಹೋದೆ. ಆಗಲೂ ನಾನು, ಏನು ಹಟಮಾರಿ ಹುಡುಗಿ ಅಂದುಕೊಂಡೆ.

ನನಗೆ ಅಷ್ಟೊಂದು ಖಾತ್ರಿ ಎಲ್ಲಿಂದ ಬಂತು ಎಂದರೆ, ಆ ಕಾರಿನ ಹೀಟರಿನ ತಂತಿಯನ್ನು ಕತ್ತರಿಸಿದವನು ನಾನೇ. ಜನವರಿಯಲ್ಲಿ ನಿನ್ನ ಗಂಡ ಸುಮಂತ ಆ ವಿದೇಶಿ ಗಾಡಿಯನ್ನು ಸೆಕೆಂಡ್ ಹ್ಯಾಂಡಿನಲ್ಲಿ ತಂದನಲ್ಲ, ನೀವಿಬ್ಬರೂ ಗಾಡಿ ಬಿಟ್ಟು ಆಫೀಸಿಗೆ ಹೋದ ದಿನ ಬಾನೆಟ್ ಎತ್ತಿದೆ. ಹೈದರಾಬಾದಿನಲ್ಲಿ ಹೀಟರು ಯಾರಪ್ಪನ ಮನೆಗೆ ಬೇಕು? ಬೇಡದ ಲೈನಿಗೆ ಕರೆಂಟು ಬಿಡಬಾರದು ಎನ್ನುವುದು ನಮ್ಮ ಕಾರ್ಖಾನೆಯ ಪದ್ಧತಿ. ನಿವೃತ್ತಿಯಾಗುವವರೆಗೆ ಅದನ್ನೇ ಮಾಡಿದವನು ನಾನು. ನೀರಿನ ವಾಲ್ವಿಗೆ ಹೋಗುವ ಎರಡು ತಂತಿ ಕಂಡವು. ಒಂದು ಹೀಟರಿನದು, ಇನ್ನೊಂದು ಎ.ಸಿ.ಯದು ಎಂದು ನಾನೇ ತೀರ್ಪು ಕೊಟ್ಟು, ಒಂದನ್ನು ಕತ್ತರಿಸಿ ಚೆಂದಾಗಿ ಟೇಪು ಸುತ್ತಿದೆ. ಕೆಲಸವಾದ ಮೇಲೆ ಚಾಲೂ ಮಾಡಿ ನೋಡಬೇಕೆನ್ನುವುದೂ ಅದೇ ಕಾರ್ಖಾನೆಯ ಪದ್ಧತಿ. ನಾನು ಬಾನೆಟ್ ಮುಚ್ಚಿ ಚಹಾ ಕುಡಿಯಲು ಹೋದೆ. ಹೀಗಾಗಿ ಬಿಸಿ ಬರುತ್ತದೆ ಎಂದು ನೀನು ಹೇಳಿದಾಗಲೆಲ್ಲ, ತಂತಿಯೇ ಇಲ್ಲದ ಮೇಲೆ ಬಿಸಿ ಎಲ್ಲಿಂದ ಬರಬೇಕು ಎಂದು ಒಳಗೇ ನಗುತ್ತಿದ್ದೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಮೊನ್ನೆ ಗುಣವತಿ ಊಟಕ್ಕೆ ಬಡಿಸುತ್ತ, "ಆಕಿ ಕುಂತ ಸೀಟಿನ್ಯಾಗ ಒಮ್ಮೆ ಕುಂತು ನೋಡ್ರಿ, ಆಮ್ಯಾಲೆ ಮಾತಾಡ್ರಿ" ಎಂದಳು. ಸಿಟ್ಟಿನಿಂದಲೇ ಕೆಳಗಿಳಿದೆ. ಗಾಡಿ ನಡೆಸಲು ಬಾರದಿದ್ದರೂ ಚಾಲೂ ಮಾಡಲು ಬರುತ್ತದೆ. ಎ.ಸಿ. ಹಾಕಿ ನಿನ್ನ ಜಾಗದಲ್ಲಿ ಕೂತೆ. ಎಂಜಿನ್ ಕಾದದ್ದೇ ತಡ, ನೀನು ಹೇಳಿದ ಗಾಳಿ ಮುಖಕ್ಕೆ ಬಡಿಯಿತು. ಒಲೆಯ ಮುಂದೆ ಕೂತಂತಾಯಿತು. ಪಕ್ಕದ ಸೀಟಿನ ಕಡೆ ಕೈ ಚಾಚಿದರೆ ತಣ್ಣನೆಯ ಗಾಳಿ. ನಾನು ಬನಿಯನ್ನಿನಲ್ಲಿದ್ದೆ, ಆದರೂ ಬೇಗನೆ ಎದ್ದು ಬಂದೆ. ನೀನು ಹೊಟ್ಟೆಯಲ್ಲಿ ಕೂಸು ಹೊತ್ತು ದಿನಾ ಹೈಟೆಕ್ ಸಿಟಿಯ ತನಕ ಹೋಗಿ ಬರುತ್ತಿದ್ದೆ.

ಎಂಜಿನ್ ತಣ್ಣಗಾದ ಮೇಲೆ ಟೆಸ್ಟ್ ಲ್ಯಾಂಪ್ ಹಿಡಿದೆ. ವಾಲ್ವಿನ ಒಂದು ಕಡೆ ದೀಪ ಹತ್ತಿತು, ಇನ್ನೊಂದು ಕಡೆ ಹತ್ತಲಿಲ್ಲ. ಹತ್ತದ ಕಡೆಯೇ ನಾನು ಕತ್ತರಿಸಿದ್ದು. ವಾಲ್ವನ್ನೇ ಬಿಚ್ಚಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಬಾಯಿಂದ ಊದಿದೆ. ಉಸಿರು ಸರಾಗವಾಗಿ ಆಚೆ ಹೋಯಿತು. ಬ್ಯಾಟರಿಯ ಕರೆಂಟು ಕೊಟ್ಟೆ, ಟಕ್ ಎಂದಿತು, ಉಸಿರು ನಿಂತಿತು. ಆಗ ತಿಳಿಯಿತು ನೋಡು. ಅದು ಚಳಿದೇಶದವರು ಮಾಡಿದ ವಾಲ್ವು. ಕರೆಂಟು ಹೋದರೂ ಒಳಗಿದ್ದವರು ಚಳಿಗೆ ಸಾಯಬಾರದೆಂದು, ಕರೆಂಟಿಲ್ಲದಾಗ ತೆರೆದೇ ಇರುತ್ತದೆ. ಗಾಳಿಯನ್ನು ಕಾಯಿಸುವ ಎಂಜಿನ್ನಿನ ಬಿಸಿನೀರನ್ನು ತಡೆಯಲು ಕರೆಂಟು ಬೇಕು. ಎರಡು ತಂತಿಗಳು ಹೀಟರು, ಎ.ಸಿ. ಅಲ್ಲವೇ ಅಲ್ಲ, ಒಂದು ನಿನ್ನ ಸೀಟಿನ ಕಡೆಯದು, ಒಂದು ನನ್ನ ಕಡೆಯದು. ನಿನ್ನದನ್ನು ಕತ್ತರಿಸಿ, ನನ್ನ ತಂಪಿನಲ್ಲಿ ಕೂತು, ನಿನಗೆ ಗಾದೆ ಹೇಳಿದೆ.

ಸಂಜೆ ಸುಮಂತನಿಗೆ ತೋರಿಸಿದೆ. ಅವನು ತಲೆ ತಗ್ಗಿಸಿ, "ನನಗೂ ಬಿಸಿ ಹತ್ತಿತ್ತಪ್ಪಾ, ನಿಮ್ಮ ಬಾಯಿಗೆ ಅಂಜಿ ಸುಮ್ಮನಿದ್ದೆ" ಎಂದ. ಇಷ್ಟು ವರ್ಷ ಇದನ್ನೇ ನಾನು ಗೌರವ ಅಂದುಕೊಂಡಿದ್ದೆ. ನೀನೊಬ್ಬಳೇ ನನ್ನ ಮುಖಕ್ಕೆ ನಿಜ ಹೇಳಿದವಳು.

ತಂತಿ ಜೋಡಿಸಿದ್ದೇನೆ. ಈ ಸಲ ಚಾಲೂ ಮಾಡಿ, ಎರಡೂ ಸೀಟಿನಲ್ಲಿ ಕೂತು ನೋಡಿದೆ. ಎರಡೂ ಕಡೆ ತಂಪಿದೆ. ಮಗಳೇ, ತಪ್ಪು ನನ್ನದು. ನಿಮ್ಮ ತಾಯಿ ಕೃಷ್ಣಾಬಾಯಿಯವರಿಗೆ, ರಾಮದಾಸರಿಗೆ ನನ್ನ ನಮಸ್ಕಾರ ತಿಳಿಸು. ನೀನೂ ಕೂಸೂ ತಣ್ಣಗಿರಿ.

ನಿನ್ನ ಮಾವ,
ಹನುಮಂತರಾಯ

ತಾ.ಕ.: ಅಕ್ಷರಗಳು ಸೊಟ್ಟಗಿವೆ, ಇದಿಷ್ಟನ್ನು ಮೊಣಕಾಲ ಮೇಲಿಟ್ಟು ಬರೆಯುತ್ತಿದ್ದೇನೆ. ಕಾಗದವನ್ನು ಅಂಚೆಗೆ ಹಾಕಲು ಮನಸ್ಸಾಗಲಿಲ್ಲ. ನಿಮ್ಮಪ್ಪನ ಎದುರು ಆಡಿದ ಮಾತನ್ನು ಅವರೆದುರೇ ಹಿಂದಕ್ಕೆ ತೆಗೆದುಕೊಳ್ಳಬೇಕು. ಅದಕ್ಕೇ ಸುಮಂತನನ್ನು ಹೊರಡಿಸಿಕೊಂಡು ಬಂದೆ. ಈ ಲಕೋಟೆ ಅವನು ನಿನ್ನ ಕೈಗೆ ಕೊಡುವ ಹೊತ್ತಿಗೆ ನಾನು ನಿಮ್ಮ ಮನೆಯ ಮುಂದೆ ಗಾಡಿಯಲ್ಲೇ ಇರುತ್ತೇನೆ. ನೀನು ಕರೆದರೆ ಒಳಗೆ ಬರುತ್ತೇನೆ, ಇಲ್ಲವಾದರೆ ಗಾಡಿ ನಿನಗೆ ಬಿಟ್ಟು ಇಬ್ಬರೂ ಬಸ್ಸಿಗೆ ಹೋಗುತ್ತೇವೆ. ಕೀಲಿ ಲಕೋಟೆಯಲ್ಲೇ ಇದೆ, ನೋಡು. ಹಾಗಾಗಿ ಇಲ್ಲಿ ಎ.ಸಿ. ಹಾಕಿಕೊಳ್ಳಲು ಬರುವುದಿಲ್ಲ. ಇರಲಿ, ಅವಸರ ಮಾಡಬೇಡ, ಸಾವಕಾಶ ಓದು. ನಿನ್ನ ಸೀಟಿನಲ್ಲೇ ಕೂತಿದ್ದೇನೆ.